*ಇಂದಿನ ಧಮ್ಮ ಚಿಂತನೆ: ಕೊಡದೇ ಇದ್ದದ್ದು*





ನನ್ನ ವಿದ್ಯಾರ್ಥಿಯೊಬ್ಬನ ಅವ್ವ, ನಮ್ಮ ಗಂಗಾವತಿ ಕಡೆಯವರು, ಮಗನ ಫೀಸಿಗೆಂದು ಮೊಬೈಲ್ ಆ್ಯಪ್ ಒಂದರಲ್ಲಿ 4,000 ರೂಪಾಯಿ ಸಾಲ ತೆಗೆದರು. ಕಂತು ಎರಡು ದಿನ ತಡವಾಯಿತು. ಅವರ ಫೋಟೊ ಮೇಲೆ ‘ಕಳ್ಳಿ’ ಎಂದು ಬರೆದ ಮೆಸೇಜು ಪರಿಚಯದವರಿಗೆಲ್ಲ ಬಂತು. ನನಗೂ ಬಂತು. "ಸರ್, ನಾ ಯಾರ ನಂಬರೂ ಕೊಟ್ಟಿಲ್ರಿ. ಅಲೋ ಅಂತ ಬಂತು, ಒತ್ತೀನಿ ಅಷ್ಟ" ಎಂದು ಅತ್ತರು.

ನಾವು ದಿನವೂ ಹೇಳುವ ಎರಡನೇ ಶೀಲದ ಪಾಲಿ ಪದ ‘ಅದಿನ್ನಾದಾನ’. ಅದಿನ್ನ ಎಂದರೆ ಕೊಡದೇ ಇದ್ದದ್ದು, ಆದಾನ ಎಂದರೆ ತೆಗೆದುಕೊಳ್ಳುವುದು. ಬೀಗ ಒಡೆಯಲೇಬೇಕೆಂದಿಲ್ಲ. ಒಬ್ಬರು ತಿಳಿದು, ಒಪ್ಪಿ ಕೊಡದಿದ್ದದ್ದನ್ನು ತೆಗೆದುಕೊಂಡರೂ ಶೀಲ ಮುರಿದಂತೆಯೇ.

ಸಾಲದ ಆ್ಯಪ್ ನಮ್ಮ ಮಾಹಿತಿಯಿಂದ ಬೆದರಿಸಿತು. ಪುಕ್ಕಟೆ ಆ್ಯಪ್‌ಗಳು ಅದರಿಂದಲೇ ಸದ್ದಿಲ್ಲದೆ ಹಣ ಮಾಡುತ್ತವೆ. ನಾವು ಏನು ಹುಡುಕಿದೆವು, ಎಲ್ಲಿಗೆ ಹೋದೆವು, ಯಾವ ವಿಡಿಯೊ ಎಷ್ಟು ಹೊತ್ತು ನೋಡಿದೆವು ಎಂಬುದನ್ನೆಲ್ಲ ಕೂಡಿಸಿ, ಯಾರಿಗೆ ಯಾವ ಜಾಹೀರಾತು ತೋರಿಸಬೇಕೆಂದು ಲೆಕ್ಕ ಹಾಕುತ್ತವೆ. ಫೇಸ್‌ಬುಕ್, ವಾಟ್ಸ್ಆ್ಯಪ್‌ಗಳ ಒಡೆಯ ಮೆಟಾ ಕಂಪನಿಗೆ 2023ರಲ್ಲಿ ಬಂದ ಪ್ರತಿ 100 ರೂಪಾಯಿಯಲ್ಲಿ 97ಕ್ಕೂ ಹೆಚ್ಚು ಜಾಹೀರಾತಿನದು.

ಕಾನೂನು ನಮ್ಮ ಕಡೆಗಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಕುರಿತು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಅದಕ್ಕೆ ಬಲ ಬಾಬಾಸಾಹೇಬರ ಸಂವಿಧಾನದ 21ನೇ ವಿಧಿ. ಸಾಲದ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್, ಫೋಟೊ ಮುಟ್ಟಕೂಡದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ.

ಆದರೆ ಒಂದು ಮಾತು. ಆ ತಾಯಿಯ ಫೋನಿನಲ್ಲಿದ್ದ ನನ್ನ ನಂಬರು ನನ್ನದು. ಅದನ್ನು ಬೇರೆಯವರಿಗೆ ಕೊಡಲು ನಾನು ಹೇಳಿರಲಿಲ್ಲ. ಅವರನ್ನು ದೂರುತ್ತಿಲ್ಲ. ನಾನೂ ಓದದೆ ಎಷ್ಟೋ ಸಲ ‘ಅಲೋ’ ಒತ್ತಿದ್ದೇನೆ. ನಿಮ್ಮ ನಂಬರುಗಳು ನನ್ನ ಫೋನಿನಿಂದಲೂ ಹೋಗಿರಬಹುದು. ಹಾಗಾಗಿ ಈ ಶೀಲ ಕಂಪನಿಗಳಿಗಷ್ಟೇ ಅಲ್ಲ, ನನಗೂ ಅನ್ವಯಿಸುತ್ತದೆ.

*ಇಂದಿನ ಅಭ್ಯಾಸ:*
1. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪರ್ಮಿಷನ್ ತೆರೆಯಿರಿ. ಅಗತ್ಯವಿಲ್ಲದ ಆ್ಯಪ್‌ಗೆ ಕಾಂಟ್ಯಾಕ್ಟ್, ಲೊಕೇಶನ್, ಮೈಕ್ ಬಂದ್ ಮಾಡಿ.
2. ಬಳಸದ ಆ್ಯಪ್ ತೆಗೆದುಹಾಕಿ.
3. ಸಾಲ ಬೇಕಾದರೆ ಮೊದಲು ಸ್ವಸಹಾಯ ಸಂಘದಲ್ಲಿ ಕೇಳಿ.
4. ಆನ್‌ಲೈನ್‌ನಲ್ಲಿ ಹಣ ಮೋಸವಾದರೆ ಕೂಡಲೇ 1930ಕ್ಕೆ ಕರೆ ಮಾಡಿ. ಬೆದರಿಕೆ ಬಂದರೆ ಠಾಣೆಗೆ ದೂರು ಕೊಡಿ.

ಆ ತಾಯಿ ಮೂರು ವಾರದಿಂದ ವಂದನೆಗೆ ಬಂದಿಲ್ಲ. ಈ ಭಾನುವಾರ ಅವರ ಮನೆಗೆ ಹೋಗಿ ಕರೆದುಕೊಂಡು ಬರೋಣ. ಆ ಫೋಟೊ ನಿಮ್ಮ ಫೋನಿಗೂ ಬಂದಿದ್ದರೆ ಯಾರಿಗೂ ಕಳಿಸಬೇಡಿ. ಅದನ್ನೂ ಅವರು ನಮಗೆ ಕೊಟ್ಟದ್ದಲ್ಲ.

ಭವತು ಸಬ್ಬ ಮಂಗಲಂ. ಜೈ ಭೀಮ್.