ಮೊದಲ ಎಂಜಿನ್ ಗಾಳಿಯಲ್ಲಿ ಓಡಲಿ

ನೋಡಪ್ಪಾ, ಮನೆ ಹಿಂದಿನ ಶೆಡ್ಡಿಗೆ ಲೇತ್ ಇಳಿಸಿದೆ ಎಂದು ನೀನು ಫೋನ್ ಮಾಡಿದ ರಾತ್ರಿ ಖುಷಿಗೆ ನನಗೆ ನಿದ್ದೆಯೇ ಹತ್ತಲಿಲ್ಲ. ಹರಿಹರದಲ್ಲಿ ಮೂವತ್ತೊಂದು ವರ್ಷ ಲೇತ್ ಮುಂದೆ ನಿಂತವನು ನಾನು. ನನ್ನ ನಂತರ ಈ ಮನೆತನದಲ್ಲಿ ಮೈಕ್ರೋಮೀಟರ್ ಹಿಡಿಯುವವರು ಇರುವುದಿಲ್ಲ ಎಂದೇ ತಿಳಿದಿದ್ದೆ.

ಮರುದಿನ ನೀನು ಕಳಿಸಿದ ಡ್ರಾಯಿಂಗ್ ನೋಡಿದೆ. ಎಡ್ಗರ್ ವೆಸ್ಟ್‌ಬರಿಯವರ ‘ಸೀಲ್’. ನಾಲ್ಕು ಸಿಲಿಂಡರ್, 15 ಸಿಸಿ, ಪೆಟ್ರೋಲ್ ಎಂಜಿನ್. ಬಲು ಚೆಂದದ ಎಂಜಿನ್ ಅದು. ಇಂಗ್ಲೆಂಡಿನಲ್ಲಿ 1898ರಲ್ಲಿ ಪರ್ಸಿವಲ್ ಮಾರ್ಷಲ್ ಆರಂಭಿಸಿದ ‘ಮಾಡೆಲ್ ಎಂಜಿನಿಯರ್’ ಪತ್ರಿಕೆಗೆ ಬರೆಯುತ್ತಿದ್ದ ವೆಸ್ಟ್‌ಬರಿಯಂಥವರಿಂದಲೇ ಮನೆಯ ಸಣ್ಣ ಲೇತ್‌ನಲ್ಲೂ ನಿಜವಾದ ಎಂಜಿನ್ ಮಾಡಬಹುದು ಎಂಬ ಧೈರ್ಯ ಎಷ್ಟೋ ಜನಕ್ಕೆ ಬಂತು. ನೀನೂ ಮಾಡು, ಬೇಡ ಎನ್ನುವುದಿಲ್ಲ. ಆದರೆ ಈಗಲೇ ಬೇಡ. ಅದರಲ್ಲಿ ನಾಲ್ಕು ಪಿಸ್ಟನ್, ಎಂಟು ವಾಲ್ವ್, ಕ್ಯಾಮ್ ಶಾಫ್ಟ್, ಕಾರ್ಬುರೇಟರ್, ಕಿಡಿ ಹೊತ್ತುವ ಏರ್ಪಾಡು ಎಲ್ಲ ಇವೆ. ವರ್ಷವಿಡೀ ಕೆಲಸ ಮಾಡಿ ಕೊನೆಗೆ ಅದು ಹೊತ್ತಿಕೊಳ್ಳದಿದ್ದರೆ ತಪ್ಪು ಎಲ್ಲಿದೆ ಎಂದು ಹುಡುಕುವುದಕ್ಕೇ ನಿನಗೆ ದಾರಿ ತಿಳಿಯುವುದಿಲ್ಲ.

ಮೊದಲು ತೂಗಾಡುವ ಸಿಲಿಂಡರಿನ ಸಣ್ಣ ಸ್ಟೀಮ್ ಎಂಜಿನ್ ಮಾಡು. ಅದಕ್ಕೆ ವಾಲ್ವೇ ಇಲ್ಲ. ಸಿಲಿಂಡರ್ ಒಂದು ಪಿನ್ನಿನ ಮೇಲೆ ತೊಟ್ಟಿಲಿನ ಹಾಗೆ ಆ ಕಡೆ ಈ ಕಡೆ ತೂಗುತ್ತದೆ. ಅದರ ಮೈಯಲ್ಲೊಂದು ತೂತು, ಹಿಂದಿನ ಸ್ಟ್ಯಾಂಡಿನಲ್ಲಿ ಎರಡು ತೂತು. ಒಂದು ಕಡೆ ತೂಗಿದಾಗ ಒಳಬರುವ ತೂತಿಗೆ ಸೇರುತ್ತದೆ, ಇನ್ನೊಂದು ಕಡೆ ತೂಗಿದಾಗ ಹೊರಹೋಗುವ ತೂತಿಗೆ.

ಅಳತೆ ಬರೆದುಕೋ. ಬೋರ್ 12 ಮಿಮೀ, ಸ್ಟ್ರೋಕ್ 16. ಅಂದರೆ ಕ್ರ್ಯಾಂಕ್ ಪಿನ್ ಶಾಫ್ಟಿನ ನಡುವಿನಿಂದ 8 ಮಿಮೀ ದೂರ. ತೂಗುವ ಪಿನ್ನಿಗೂ ಶಾಫ್ಟಿಗೂ ನಡುವೆ 40 ಇಡು. 8 ಅನ್ನು 40ರಿಂದ ಭಾಗಿಸಿದರೆ 0.2. ಸಿಲಿಂಡರಿನ ತೂತು ಪಿನ್ನಿನಿಂದ 15 ಮಿಮೀ ಮೇಲಿದ್ದರೆ ಅದು ಪಕ್ಕಕ್ಕೆ ಸರಿಯುವುದು 15ರ 0.2 ಪಾಲು, ಅಂದರೆ 3 ಮಿಮೀ. ಹಾಗಾಗಿ ಸ್ಟ್ಯಾಂಡಿನ ಎರಡು ತೂತುಗಳ ನಡುವೆ 6 ಮಿಮೀ. ಮೂರೂ ತೂತು 2.5 ಇರಲಿ. ಸಿಲಿಂಡರ್ ನೇರ ನಿಂತಾಗ ಅದರ ತೂತಿನ ಎರಡೂ ಪಕ್ಕ ಅರ್ಧರ್ಧ ಮಿಲಿಮೀಟರ್ ಮುಚ್ಚಿದ ಜಾಗ ಉಳಿಯುತ್ತದೆ. ಆ ಅರ್ಧ ಮಿಲಿಮೀಟರ್ ಇಲ್ಲದೆ ಹೋದರೆ ಬಂದ ಗಾಳಿ ಕೆಲಸ ಮಾಡದೆ ನೇರ ಹೊರಗೆ ಹೋಗುತ್ತದೆ. ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ನೀನೇ ಎಳೆದು ನೋಡು. ಎಂಜಿನ್ನಿನ ಜೀವವೇ ಅಲ್ಲಿದೆ.

ತೂತು ಕೊರೆಯುವಾಗ ಮಾತ್ರ ಕಾಗದದ ಅಳತೆಯನ್ನು ನಂಬಿಕೊಳ್ಳಬೇಡ. ಎಂಜಿನ್ ಜೋಡಿಸಿ, ಸಿಲಿಂಡರನ್ನು ಹೊರಗೋಡೆಯಿಂದಲೇ ಆರಪಾರ ಕೊರೆ. ಆಮೇಲೆ ಕ್ರ್ಯಾಂಕ್ ತಿರುಗಿಸಿ ಸಿಲಿಂಡರ್ ಪೂರ್ತಿ ಒಂದು ಕಡೆ ವಾಲಿದಾಗ ಅದೇ ತೂತಿನೊಳಗೆ ಡ್ರಿಲ್ ಇಳಿಸಿ ಸ್ಟ್ಯಾಂಡಿನ ಮೇಲೆ ಗುರುತು ಮಾಡು. ಇನ್ನೊಂದು ಕಡೆ ವಾಲಿಸಿ ಮತ್ತೊಂದು ಗುರುತು. ಹೊರಗೋಡೆಯ ತೂತಿಗೆ ಸ್ಕ್ರೂ ಹಾಕಿ ಮುಚ್ಚಿಬಿಡು. ಹೀಗೆ ಮಾಡಿದರೆ ನಿನ್ನ ಕೈಯಲ್ಲಿ ಆದ ಸಣ್ಣಪುಟ್ಟ ವ್ಯತ್ಯಾಸವೂ ತಾನಾಗಿ ಲೆಕ್ಕಕ್ಕೆ ಬಂದಿರುತ್ತದೆ.

ಈಗ ನಾನು ಕೆಟ್ಟು ಕಲಿತದ್ದನ್ನು ಹೇಳುತ್ತೇನೆ. ಚಿಕ್ಕವನಿದ್ದಾಗ ನಮ್ಮೂರ ಅಕ್ಕಿ ಗಿರಣಿಯ ಎಂಜಿನ್ ನೋಡುತ್ತಾ ಗಂಟೆಗಟ್ಟಲೆ ನಿಲ್ಲುತ್ತಿದ್ದೆ. ಎಣ್ಣೆ ನಿಲ್ಲಿಸಿದ ಮೇಲೂ ಆ ದೊಡ್ಡ ಫ್ಲೈವೀಲ್ ಬಹಳ ಹೊತ್ತು ತಿರುಗುತ್ತಲೇ ಇರುತ್ತಿತ್ತು. ಇಪ್ಪತ್ತಾರನೇ ವಯಸ್ಸಿನಲ್ಲಿ ನಾನು ಮಾಡಿದ ಮೊದಲ ಮಾಡೆಲ್ಲಿಗೆ ಅದೇ ಚಕ್ರವನ್ನು ಹತ್ತನೇ ಒಂದರ ಅಳತೆಗೆ, ಅರೆಗಳ ದಪ್ಪವನ್ನೂ ಬಿಡದೆ, ಇಳಿಸಿ ಹಾಕಿದೆ. ನೋಡಲು ಗಿರಣಿಯ ಚಕ್ರವೇ. ಗಾಳಿ ಕೊಟ್ಟರೆ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ನಾಲ್ಕು ತಿಂಗಳು ಸಿಲಿಂಡರಿನಲ್ಲೇ ತಪ್ಪು ಹುಡುಕಿದೆ.

ತಪ್ಪು ಚಕ್ರದಲ್ಲಿತ್ತು. ಉದ್ದ ಹತ್ತರಲ್ಲಿ ಒಂದಾದರೆ ತೂಕ ಸಾವಿರದಲ್ಲಿ ಒಂದಾಗುತ್ತದೆ. ಚಕ್ರ ತಿರುಗುತ್ತಲೇ ಇರಬೇಕೆಂಬ ಹಟಕ್ಕೆ ತೂಕದ ಜೊತೆ ಅಡ್ಡಗಲದ ವರ್ಗವೂ ಸೇರುವುದರಿಂದ ಅದು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಉಜ್ಜಾಟ ಹಾಗೆ ಇಳಿಯುವುದಿಲ್ಲ. ಅದಕ್ಕೇ ಮಾಡೆಲ್ ಎಂಜಿನ್ನಿನ ಚಕ್ರ ಅಳತೆಗಿಂತ ಭಾರವಾಗಿರಬೇಕು. ನಿನ್ನದಕ್ಕೆ 60 ಮಿಮೀ ಅಡ್ಡಗಲ, 12 ಮಿಮೀ ದಪ್ಪದ ಉಕ್ಕಿನ ಬಿಲ್ಲೆ ಸಾಕು. ಕಾಲು ಕೆಜಿಯಷ್ಟು ತೂಗುತ್ತದೆ. ಅಂಚಿನಲ್ಲಿ ಭಾರ ಉಳಿಸಿ ನಡುವೆ ಬೇಕಾದರೆ ತೆಳ್ಳಗೆ ಮಾಡು.

ಶಾಖದ ಕಥೆಯೂ ಇಂಥದ್ದೇ. ಹತ್ತು ಪಟ್ಟು ಕುಗ್ಗಿದ ಸಿಲಿಂಡರಿನಲ್ಲಿ ಹಿಡಿಯುವ ಹಬೆ ಸಾವಿರದಲ್ಲಿ ಒಂದು ಪಾಲು, ಅದನ್ನು ತಣಿಸುವ ಗೋಡೆ ನೂರರಲ್ಲಿ ಒಂದು ಪಾಲು. ಹಬೆಯ ಪಾಲಿಗೆ ಗೋಡೆ ಹತ್ತು ಪಟ್ಟು ಜಾಸ್ತಿಯಾಯಿತು. ಸಣ್ಣ ಎಂಜಿನ್ ಶುರುವಿನಲ್ಲಿ ನೀರು ಉಗುಳುವುದು ಇದಕ್ಕೇ. ಗಾಬರಿಯಾಗಬೇಡ, ಮೈ ಕಾದ ಮೇಲೆ ಸರಿಹೋಗುತ್ತದೆ. ಇನ್ನು ಸಂದಿನ ವಿಷಯ. ಡ್ರಾಯಿಂಗ್ ಕುಗ್ಗಿತು ಎಂದು ನಿನ್ನ ಕೈಯ ತಪ್ಪು ಕುಗ್ಗುವುದಿಲ್ಲ. ದೊಡ್ಡ ಸಿಲಿಂಡರಿನಲ್ಲಿ ಯಾರೂ ಲೆಕ್ಕಕ್ಕಿಡದ ಸಂದು ಇಲ್ಲಿ ಎಂಜಿನ್ನನ್ನೇ ಮಲಗಿಸುತ್ತದೆ.

ಆದ್ದರಿಂದ ನಿನ್ನ ತಾಳ್ಮೆಯನ್ನೆಲ್ಲ ಎರಡು ಕಡೆ ಖರ್ಚು ಮಾಡು. ಒಂದು, ಬೋರ್. ಹಿತ್ತಾಳೆ ತುಂಡನ್ನು ಚಕ್‌ನಲ್ಲಿ ಹಿಡಿದು ಮುಖ ಸವರಿ, ಡ್ರಿಲ್ ಹಾಕಿ, ಬೋರಿಂಗ್ ಟೂಲಿನಲ್ಲಿ 11.8ಕ್ಕೆ ತಂದು, 12ರ ರೀಮರ್ ಹಾಕು. ಇಷ್ಟೂ ಒಂದೇ ಹಿಡಿತದಲ್ಲಿ ಮುಗಿಯಬೇಕು. ನಡುವೆ ಬಿಚ್ಚಿ ಮತ್ತೆ ಕಟ್ಟಿದೆಯೋ, ಬೋರ್ ವಾರೆಯಾಯಿತು. ಪಿಸ್ಟನ್ ಬೀಡು ಕಬ್ಬಿಣದ್ದಿರಲಿ, ಹಿತ್ತಾಳೆಯ ಮೇಲೆ ಹಿತ್ತಾಳೆ ಉಜ್ಜಿದರೆ ಕಚ್ಚಿಕೊಳ್ಳುತ್ತದೆ. ಬೋರಿಗಿಂತ 0.02 ಮಿಮೀ ಕಡಿಮೆ ಮಾಡು. ಎಣ್ಣೆ ಸವರಿ ಒಳಗೆ ಬಿಟ್ಟು, ತೂತನ್ನು ಬೆರಳಿನಿಂದ ಮುಚ್ಚಿ ಪಿಸ್ಟನ್ ಹೊರಗೆಳೆ. ‘ಟಪ್’ ಎಂದರೆ ಗೆದ್ದೆ.

ಎರಡನೆಯದು, ಸಿಲಿಂಡರ್ ಮತ್ತು ಸ್ಟ್ಯಾಂಡ್ ಒಂದಕ್ಕೊಂದು ತಾಗುವ ಮುಖಗಳು. ಬೋರಿನೊಳಗೆ 12ರ ನೇರ ರಾಡ್ ತೂರಿಸಿ, ಮುಖ ಕೆಳಗೆ ಮಾಡಿ ಮಟ್ಟಸವಾದ ಗಾಜಿನ ಮೇಲಿಟ್ಟು, ರಾಡಿನ ಎರಡೂ ತುದಿಯ ಎತ್ತರ ಅಳೆ. ಎರಡೂ ಸಮ ಬರುವವರೆಗೆ ಅರ ಹಾಕು. ಆಮೇಲೆ ಗಾಜಿಗೆ ಎಮೆರಿ ಕಾಗದ ಅಂಟಿಸಿ, ಮೊದಲು 600, ಆಮೇಲೆ 1000, ಎಂಟರ ಆಕಾರದಲ್ಲಿ ಉಜ್ಜು. ಟಿವಿ ನೋಡುತ್ತಾ ಉಜ್ಜಬೇಡ. ಕೈ ಒಂದೇ ಕಡೆ ಭಾರ ಹಾಕುತ್ತದೆ, ಮುಖ ದುಂಡಗಾಗುತ್ತದೆ. ಈ ಎರಡು ಮುಖಗಳನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಮೆತ್ತಗಿರಲಿ. ಬಿಗಿಯಾದರೆ ತೂಗುವುದಿಲ್ಲ, ಸಡಿಲವಾದರೆ ಸೋರುತ್ತದೆ.

ಲೇತ್ ಮುಂದೆ ನಿಲ್ಲುವಾಗ ತುಂಬುತೋಳಿನ ಅಂಗಿ ಬೇಡ, ಕೈಗವಸು ಬೇಡ, ಕನ್ನಡಕ ಬೇಕು. ಚಕ್ ಕೀಯನ್ನು ಕೈಯಿಂದ ಬಿಡುವುದಾದರೆ ಅದು ಮೇಜಿನ ಮೇಲಿರಬೇಕು, ಎಂದೂ ಚಕ್‌ನಲ್ಲಿ ಅಲ್ಲ. ನನ್ನ ಪಕ್ಕದ ಲೇತ್‌ನಲ್ಲಿ ಕೆಲಸ ಮಾಡುತ್ತಿದ್ದವನ ಅಂಗಿತೋಳು ಸಿಕ್ಕಿಕೊಂಡದ್ದನ್ನು ಕಣ್ಣಾರೆ ಕಂಡವನು ನಾನು. ಇದನ್ನು ಮತ್ತೆ ಹೇಳಿಸಿಕೊಳ್ಳಬೇಡ.

ಎಂಜಿನ್ ಮುಗಿದ ಕೂಡಲೇ ಹಬೆಗೆ ಓಡಬೇಡ. ಸೈಕಲ್ ಪಂಪಿನ ಗಾಳಿಯಲ್ಲಿ ಮೊದಲು ಓಡಿಸು. ಅಡುಗೆಮನೆಯ ಕುಕ್ಕರಿಗೆ ಪೈಪ್ ಸಿಕ್ಕಿಸಿ ಓಡಿಸುವ ಹುಡುಗರನ್ನು ನೋಡಿದ್ದೇನೆ. ನೀನು ಅದನ್ನು ಮಾಡಕೂಡದು. ಕುಕ್ಕರಿನ ವೆಯ್ಟ್ 15 ಪಿಎಸ್‌ಐ ಸುಮಾರಿಗೆ ಮೇಲೆದ್ದು ಸೀಟಿ ಹೊಡೆಯುವುದೇ ನಮ್ಮನ್ನು ಕಾಯಲು. ಅದನ್ನು ತೆಗೆದು ಪೈಪ್ ಹಾಕಿದ ಮೇಲೆ ಪೈಪಿಗೆ ಒಂದು ಅಗುಳು ಸಿಕ್ಕಿಕೊಂಡರೂ ಸಾಕು. ಬಾಯ್ಲರ್ ಬೇಕಾದಾಗ ಇಬ್ಬರೂ ಕೂತು ತಾಮ್ರದಲ್ಲಿ ಮಾಡೋಣ. ಸೀಸದ ಬೆಸುಗೆ 180 ಡಿಗ್ರಿ ದಾಟಿದರೆ ಕರಗುತ್ತದೆ, ಒಳಗೆ ನೀರು ಬತ್ತಿದರೆ ಅಷ್ಟು ಬಿಸಿಗೆ ಹೊತ್ತು ಬೇಕಿಲ್ಲ. ಅದಕ್ಕೇ ಬೆಳ್ಳಿ ಬೆಸುಗೆ. ಸೇಫ್ಟಿ ವಾಲ್ವ್ ಇಲ್ಲದೆ ಒಲೆ ಹಚ್ಚುವುದಿಲ್ಲ. ಪರೀಕ್ಷೆ ನೀರು ತುಂಬಿಸಿ, ಕೆಲಸದ ಒತ್ತಡದ ಎರಡರಷ್ಟಕ್ಕೆ. ಗಾಳಿ ತುಂಬಿ ಪರೀಕ್ಷೆ ಮಾಡುವುದು ಪ್ರಾಣಕ್ಕೆ ಕೇಡು. ನೀರು ಅಷ್ಟಾಗಿ ಕುಗ್ಗದು, ಬಿರುಕು ಬಿಟ್ಟರೆ ಸೋರುತ್ತದೆ. ಅದುಮಿದ ಗಾಳಿ ಸಿಡಿಯುತ್ತದೆ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದಾಗ ಹೊಸ ಟೂಲುಗಳ ಅಂಗಡಿಯಲ್ಲಿ ದುಡ್ಡೆಲ್ಲ ಸುರಿಯಬೇಡ. ಒಂದು ಒಳ್ಳೆಯ 12ರ ರೀಮರ್, ಒಂದು ಒಳ್ಳೆಯ ಮೈಕ್ರೋಮೀಟರ್ ಕೊಳ್ಳು. ಹಿತ್ತಾಳೆ, ಉಕ್ಕಿನ ತುಂಡುಗಳಿಗೆ ಗುಜರಿ ಅಂಗಡಿ ಸಾಕು.

ಮೊದಲ ಸಲ ಗಾಳಿ ಕೊಡುವಾಗ ನನಗೆ ಫೋನ್ ಮಾಡಿ, ಫೋನನ್ನು ಎಂಜಿನ್ ಹತ್ತಿರ ಹಿಡಿ. ಸುತ್ತಿಗೊಂದು ಪಫ್ ಕೇಳಬೇಕು, ನಡುವೆ ‘ಸ್ಸ್’ ಎಂಬ ಎಳೆತ ಇರಬಾರದು. ಎಳೆತ ಇದ್ದರೆ ಮುಖ ಇನ್ನೂ ಉಜ್ಜಬೇಕು. ಪಫ್ ಒಮ್ಮೆ ಬೇಗ ಒಮ್ಮೆ ತಡ ಬಂದರೆ ಎಲ್ಲೋ ಬಿಗಿ ಇದೆ. ಅದು ಎಲ್ಲಿದೆ ಎಂದು ಶಬ್ದ ಕೇಳಿ ಹೇಳುತ್ತೇನೆ. ರಾತ್ರಿ ಎಷ್ಟು ಹೊತ್ತಾಗಿದ್ದರೂ ಮಾಡು, ದೊಡ್ಡಮ್ಮನಿಗೂ ಹೇಳಿಟ್ಟಿದ್ದೇನೆ.