ಹುಚ್ಚು ರೋಗದ ಪತ್ತೆಗೆ ಹೊಳೆಯುವ ಪ್ರತಿಕಾಯ



ಆಕಳು ಅಥವಾ ಎಮ್ಮೆ ಮೇವು ಬಿಟ್ಟು, ಜೊಲ್ಲು ಸುರಿಸುತ್ತ, ಒಡಕು ದನಿಯಲ್ಲಿ ಮೇಲಿಂದ ಮೇಲೆ ಕೂಗತೊಡಗಿದರೆ, ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಿ ನೋಡುವ ವಾಡಿಕೆ ಇದೆ. ಇದು ಬಹಳ ಅಪಾಯಕರ. ಹುಚ್ಚು ರೋಗ ಅಂದರೆ ರೇಬೀಸ್‌ನಲ್ಲಿಯೂ ಇವೇ ಲಕ್ಷಣಗಳು ಕಂಡುಬರುತ್ತವೆ. ನಾಯಿ ಕಡಿದ ಎಷ್ಟೋ ವಾರ ಅಥವಾ ತಿಂಗಳುಗಳ ನಂತರ ರೋಗ ಕಾಣಿಸಿಕೊಳ್ಳಬಹುದು. ನಮ್ಮ ಏಕಸಂಬಿ, ಚಿಕ್ಕೋಡಿ ಭಾಗದಲ್ಲಿ ಕಬ್ಬಿನ ಹೊಲದ ಬದುವಿನಲ್ಲಿ ಮೇಯುವ ದನಕ್ಕೆ ನಾಯಿ ಕಡಿದದ್ದು ಮನೆಯವರಿಗೆ ತಿಳಿಯದೆಯೂ ಇರಬಹುದು.

ಹಾಗಾದರೆ ರೋಗ ಖಚಿತಪಡಿಸುವುದು ಹೇಗೆ?

ದೇಹಕ್ಕೆ ರೋಗಾಣು ಸೇರಿದಾಗ ಅದನ್ನು ಹಿಡಿಯಲು ರಕ್ತದಲ್ಲಿ ತಯಾರಾಗುವ ಪ್ರೋಟೀನಿಗೆ ಪ್ರತಿಕಾಯ ಎನ್ನುತ್ತಾರೆ. ಬೀಗಕ್ಕೆ ಅದರದೇ ಕೀಲಿ ಹೊಂದುವಂತೆ, ಪ್ರತಿಕಾಯವು ತನಗೆ ಹೊಂದುವ ವಸ್ತುವಿಗೆ ಮಾತ್ರ ಅಂಟುತ್ತದೆ. ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಜೋಡಿಸುವ ವಿಧಾನವನ್ನು ಅಮೆರಿಕದ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು 1941ರಲ್ಲಿ ತೋರಿಸಿಕೊಟ್ಟರು. 1958ರಲ್ಲಿ ಗೋಲ್ಡ್‌ವಾಸರ್ ಮತ್ತು ಕಿಸ್ಲಿಂಗ್ ಇದನ್ನು ರೇಬೀಸ್ ಪತ್ತೆಗೆ ಬಳಸಿದರು. ಜೀವಕೋಶದಲ್ಲಿ ಗ್ಲೂಕೋಸ್ ಬಳಕೆಗೆ ಬೇಕಾದ ಹೆಕ್ಸೋಕೈನೇಸ್‌ನಂತಹ ಕಿಣ್ವವನ್ನು ಹುಡುಕುವುದೂ ಇದೇ ತತ್ವದಿಂದ. ಹುಡುಕುವ ವಸ್ತುವಿಗೆ ತಕ್ಕಂತೆ ಪ್ರತಿಕಾಯ ಬದಲಾಗುತ್ತದೆ, ಅಷ್ಟೆ.

ಪ್ರಯೋಗಾಲಯದಲ್ಲಿ ಸತ್ತ ಜಾನುವಾರಿನ ಮೆದುಳಿನ ತುಣುಕನ್ನು ಗಾಜಿನ ಪಟ್ಟಿಗೆ ಒತ್ತಿ, ತಣ್ಣನೆಯ ಅಸಿಟೋನ್ ದ್ರವದಲ್ಲಿ ಇಡುತ್ತಾರೆ. ನಂತರ ಬಣ್ಣ ಜೋಡಿಸಿದ ಪ್ರತಿಕಾಯ ಹಾಕಿ, 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅರ್ಧ ಗಂಟೆ ಇಟ್ಟು ತೊಳೆಯುತ್ತಾರೆ. ರೇಬೀಸ್ ವೈರಾಣು ಇದ್ದರೆ ಪ್ರತಿಕಾಯ ಅದಕ್ಕೆ ಅಂಟಿ ಉಳಿದು, ವಿಶೇಷ ಸೂಕ್ಷ್ಮದರ್ಶಕದಲ್ಲಿ ಹಸಿರು ಚುಕ್ಕೆಗಳಾಗಿ ಹೊಳೆಯುತ್ತದೆ. ಇಲ್ಲದಿದ್ದರೆ ತೊಳೆದು ಹೋಗುತ್ತದೆ. ಮಾದರಿ ಕೈಸೇರಿದ ಕೆಲವೇ ಗಂಟೆಗಳಲ್ಲಿ ಫಲಿತಾಂಶ ಸಿಗುತ್ತದೆ.

ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದ ರೇಬೀಸ್ ಪ್ರಯೋಗಾಲಯದಲ್ಲಿ ಈ ಪರೀಕ್ಷೆಯ ಸೌಲಭ್ಯವಿದೆ. ನಮ್ಮಿಂದ ಅಲ್ಲಿಗೆ 500 ಕಿ.ಮೀ.ಗಿಂತ ಹೆಚ್ಚು ದೂರ. ಕೊಳೆತ ಮೆದುಳಿನಿಂದ ನಂಬುವಂಥ ಫಲಿತಾಂಶ ಬಾರದು. ಆದ್ದರಿಂದ ಮಾದರಿಯನ್ನು ಬೇಗ ತೆಗೆದು ಮಂಜುಗಡ್ಡೆಯಲ್ಲಿಟ್ಟು ಕಳಿಸಬೇಕಾಗುತ್ತದೆ.

ಸದಸ್ಯರು ಗಮನಿಸಬೇಕಾದ ಅಂಶಗಳು:

1. ಸಂಶಯವಿರುವ ಜಾನುವಾರನ್ನು ಬೇರೆ ಕಟ್ಟಿ, ಕೂಡಲೇ ಪಶುವೈದ್ಯರಿಗೆ ತಿಳಿಸಿರಿ. ಬಾಯಿಗೆ ಕೈ ಹಾಕಬೇಡಿರಿ.

2. ಅದರ ಹಾಲನ್ನು ಸಂಘಕ್ಕೆ ಹಾಕಬೇಡಿರಿ, ಮನೆಯಲ್ಲಿಯೂ ಬಳಸಬೇಡಿರಿ. ಹಾಲು ಕುದಿಸಿದರೆ ವೈರಾಣು ಸಾಯುತ್ತದೆ. ಹಸಿ ಹಾಲು ಕುಡಿದವರು ವೈದ್ಯರನ್ನು ಕಾಣಬೇಕು.

3. ಜಾನುವಾರು ಸತ್ತರೆ ಪಶುವೈದ್ಯರು ಬರುವ ಮೊದಲೇ ಹೂಳಬೇಡಿರಿ. ತಲೆಯನ್ನು ನೀವೇ ಕಡಿಯಬೇಡಿರಿ, ಚರ್ಮ ಸುಲಿಯಬೇಡಿರಿ. ಮಾದರಿ ತೆಗೆದ ಮೇಲೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ.

4. ಜೊಲ್ಲು ಗಾಯಕ್ಕೆ ತಾಗಿದ್ದರೆ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿರಿ. ಪ್ರಯೋಗಾಲಯದ ವರದಿಗಾಗಿ ಕಾಯುತ್ತ ಲಸಿಕೆಯನ್ನು ಮುಂದೂಡಬೇಡಿರಿ.

ರೋಗ ಕಾಣಿಸಿಕೊಂಡ ಮೇಲೆ ಜಾನುವಾರನ್ನು ಉಳಿಸುವ ಔಷಧಿ ಇಲ್ಲ. ಆದರೆ ಒಂದು ಮೆದುಳಿನ ಮಾದರಿ, ಅದರ ಜೊತೆ ಒಡನಾಡಿದ ಮನೆಮಂದಿಗೂ, ಅದೇ ನಾಯಿ ಕಡಿದಿರಬಹುದಾದ ನೆರೆಯವರ ದನಗಳಿಗೂ ಸಮಯಕ್ಕೆ ಸರಿಯಾಗಿ ಎಚ್ಚರಿಕೆ ಕೊಡಬಲ್ಲದು.