ಹಸಿದ ಕೂಸಿನ ಹಟ

ಬೆಳಗಿನ ಹತ್ತಕ್ಕೆ ಶಾಲೆಯ ಗಂಟೆ ಬಾರಿಸುವುದು. ಹನ್ನೊಂದೂವರೆಯಾಗುವಷ್ಟರಲ್ಲಿ ಒಬ್ಬ ಬಾಲಕನು ಪಕ್ಕದವನ ಪಾಟಿಯನ್ನು ಕಸಿದೆಸೆಯುವನು. ಒಬ್ಬ ಬಾಲಕಿಯು ಹೆಚ್ಚಿನ ಕಾರಣವಿಲ್ಲದೆ ಅಳತೊಡಗುವಳು. ಇನ್ನೊಬ್ಬನು ಗೋಡೆಗೊರಗಿ ಶೂನ್ಯವನ್ನು ನೋಡುತ್ತ ಕುಳಿತಿರುವನು. ತುಂಟ, ಅಳುಬುರುಕಿ, ಸೋಮಾರಿ ಎಂದು ಮೂವರಿಗೆ ಮೂರು ಹೆಸರು ಬೀಳುವುವು. ಮುಂಜಾನೆ ಏನು ಉಂಡಿರಿ ಎಂದು ಕೇಳಿದರೆ ಮಾತ್ರ ಮೂವರ ಉತ್ತರವೂ ಅನೇಕ ಸಲ ಒಂದೇ ಆಗಿರುವುದು: ಬರಿಯ ಚಹಾ.

ನಮ್ಮ ಗಡಿಭಾಗದಲ್ಲಿ ಇದು ಅಪರೂಪದ ಮಾತಲ್ಲ. ನಿಪ್ಪಾಣಿಯಲ್ಲಿ ಎಷ್ಟೋ ತಾಯಂದಿರು ತಂಬಾಕಿನ ವಖಾರಿಯ ಕೆಲಸಕ್ಕೆ ನಡೆಯುವರು, ಇಲ್ಲವೆ ಬೀಡಿ ಕಟ್ಟಲು ಕುಳಿತುಕೊಳ್ಳುವರು. ಅಥಣಿ, ಕಾಗವಾಡ, ರಾಯಬಾಗಗಳ ಕಬ್ಬಿನ ನೆಲದಲ್ಲಿ ಕಟಾವಿನ ತಿಂಗಳುಗಳು ಬಂದುವೆಂದರೆ ನಸುಕಿನಲ್ಲಿಯೇ ಮನೆ ಬರಿದಾಗುವುದು. ರಾತ್ರಿ ಎಂಟಕ್ಕೆ ಉಂಡು ಮಲಗಿದ ಮಗುವು ಮರುದಿನ ಹನ್ನೊಂದೂವರೆಗೆ ಹದಿನೈದೂವರೆ ತಾಸು ಉಪವಾಸವಿದ್ದಂತಾಯಿತು. ದೊಡ್ಡವರಲ್ಲಿ ಎಷ್ಟು ಮಂದಿ ಇಂಥ ಉಪವಾಸವನ್ನು ಸಿಡುಕಿಲ್ಲದೆ ಮುಗಿಸಬಲ್ಲರು?

ದೇಹದ ವ್ಯವಹಾರವನ್ನು ಸ್ವಲ್ಪ ನೋಡೋಣ. ಮಿದುಳಿನ ಮುಖ್ಯ ಇಂಧನವು ರಕ್ತದಲ್ಲಿರುವ ಸಕ್ಕರೆ. ಬೆಳೆದವರಲ್ಲಿ ದೇಹದ ಶಕ್ತಿಯ ಐದನೆಯ ಒಂದು ಪಾಲು ಮಿದುಳಿಗೆ ಸಲ್ಲುವುದು. ಐದಾರು ವರ್ಷದ ಮಗುವಿನಲ್ಲಿ ಅರ್ಧದ ಸಮೀಪಕ್ಕೆ ಹೋಗುವುದು. ಉಣ್ಣದಿರುವಾಗ ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ಬಿಡುವುದು. ಆದರೆ ಮಗುವಿನ ಯಕೃತ್ತು ಚಿಕ್ಕ ಕಣಜ, ಖರ್ಚೋ ದೊಡ್ಡದು. ಸಕ್ಕರೆ ಇಳಿಯದಂತೆ ತಡೆಯಲು ದೇಹವು ಅಡ್ರಿನಲಿನ್ ಮೊದಲಾದ ರಸಗಳನ್ನು ಹೊರಡಿಸುವುದು. ಭಯವಾದಾಗ, ಜಗಳಕ್ಕೆ ನಿಂತಾಗ ಹೊರಡುವ ರಸವೂ ಅದೇ. ಆದಕಾರಣ ಆರೋಗ್ಯವಂತ ಮಗುವಿನ ರಕ್ತದಲ್ಲಿ ಸಕ್ಕರೆ ಬಹಳವಾಗಿ ಕುಸಿಯದಿದ್ದರೂ ಮನಸ್ಸು ಕೆರಳಬಹುದು. ಹೊಟ್ಟೆ ಸಂಕಟಪಡುತ್ತಿದೆಯೆಂದು ಹೇಳಲು ಕೂಸಿಗೆ ಮಾತು ಸಾಲದು. ಅದರ ಬದಲಿಗೆ ಹಟ ಹೊರಡುವುದು.

ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ೧೯೪೪-೪೫ರಲ್ಲಿ ಮೂವತ್ತಾರು ಮಂದಿ ಆರೋಗ್ಯವಂತ ತರುಣರು ತಾವಾಗಿಯೇ ಒಪ್ಪಿ ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಯುದ್ಧದಲ್ಲಿ ಆಯುಧ ಹಿಡಿಯಲೊಲ್ಲದ ಶಾಂತಿಪ್ರಿಯರು ಅವರು. ಅಂಥವರೂ ಸಿಡುಕರಾದರು, ಮಂಕಾದರು, ಹಗಲಿರುಳು ಅನ್ನವನ್ನೇ ಧ್ಯಾನಿಸಿದರು. ಬಲಿತ ಮನಸ್ಸಿನ ಗತಿಯೇ ಹೀಗಾದ ಮೇಲೆ ಎರಡನೆಯ ಇಯತ್ತೆಯ ಬಾಲಕನಿಂದ ಸ್ಥಿತಪ್ರಜ್ಞತೆಯನ್ನು ಬಯಸುವುದು ನ್ಯಾಯವೆ?

ಸಕ್ಕರೆ ಕಾರಖಾನೆಗಳ ಸೀಮೆಯವರಾದ ನಮ್ಮಲ್ಲಿ ಇನ್ನೊಂದು ಮಾತು ಕೇಳಿಬರುವುದು: ಸಿಹಿ ತಿಂದರೆ ಮಕ್ಕಳಿಗೆ ಮದವೇರುವುದೆಂದು. ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ೧೯೯೫ರಲ್ಲಿ ವೈದ್ಯ ವಿದ್ವಾಂಸರು ನೋಡಿದಾಗ ಇದಕ್ಕೆ ಆಧಾರ ದೊರೆಯಲಿಲ್ಲ. ಹಾಗೆಂದು ಬೆಲ್ಲದ ಚಹಾ ಉಪಾಹಾರವಾಗಲಾರದು. ಬರಿಯ ಸಿಹಿಯು ಬೇಗ ಕರಗುವುದು. ಜೋಳದ ರೊಟ್ಟಿಗೆ ಶೇಂಗಾ ಹಿಂಡಿ, ಮೊಸರು ಕೂಡಿದರೆ ನಿಧಾನವಾಗಿ ಪಚನವಾಗಿ ನಡುಹಗಲಿನವರೆಗೆ ಆಧಾರ ಕೊಡುವುದು. ರಾತ್ರಿಯ ರೊಟ್ಟಿಯಾದರೂ ಚಿಂತೆಯಿಲ್ಲ.

ಕಾಯದಲ್ಲಿ ದೇಗುಲವನ್ನು ಕಂಡ ಬಸವಣ್ಣನವರ ಮಾರ್ಗದಲ್ಲಿ ಹಸಿವು ತುಚ್ಛವಾದ ವಿಷಯವಲ್ಲ. ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವನು ಸವಿದನೆಂದು ಪರಂಪರೆ ಹೇಳುವುದು. ಆಯ್ದಕ್ಕಿ ಲಕ್ಕಮ್ಮನು ಅಂದಂದಿನ ಅಗತ್ಯಕ್ಕೆ ಮಿಗಿಲಾದ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದಳು. ಮಿಗಿಲಾದುದು ಬೇಡವೆಂದವಳು ಅಗತ್ಯವಾದುದನ್ನು ಬೇಡವೆನ್ನಲಿಲ್ಲ ಎಂಬುದನ್ನು ಗಮನಿಸಬೇಕು. ಕೋಪವನ್ನು ಗೆಲ್ಲಿರೆಂದು ಶರಣರು ಬೋಧಿಸಿದ್ದು ಉಂಡು ಕುಳಿತು ಕನಲುವ ನಮಗೇ ಹೊರತು ಹಸಿದ ಕೂಸಿಗಲ್ಲ.

ಇಲ್ಲಿ ಒಂದು ಮಾತನ್ನು ಸಂಕೋಚದಿಂದಲೇ ಬರೆಯುತ್ತೇನೆ. ಲಿಂಗಪೂಜೆಗೆ ಮುನ್ನ ಉಣ್ಣಬಾರದೆಂಬ ನೇಮವಿರುವ ಮನೆಗಳಲ್ಲಿ ಹಿರಿಯರ ಪೂಜೆ ಮುಗಿಯುವವರೆಗೆ ಮಕ್ಕಳನ್ನು ಕಾಯಿಸುವುದುಂಟು; ಅಷ್ಟರಲ್ಲಿ ಶಾಲೆಯ ಹೊತ್ತಾಗಿ ಅವರು ಹಾಗೆಯೇ ಓಡುವರು. ನೇಮವನ್ನು ಮುರಿಯಬೇಕಿಲ್ಲ. ಮಗುವನ್ನು ಮೊದಲು ಎಬ್ಬಿಸಿ, ವಿಭೂತಿ ಹಚ್ಚಿ, ಲಿಂಗಕ್ಕೆ ವಂದಿಸಿಸಿ, ರೊಟ್ಟಿಯನ್ನು ಪ್ರಸಾದವೆಂದು ಕೈಗಿತ್ತರಾಯಿತು. ಹಿರಿಯರ ಪೂಜೆ ಅನಂತರ ಸಾವಕಾಶವಾಗಿ ಸಾಗಲಿ.

ಸರಕಾರವು ಮಧ್ಯಾಹ್ನದ ಊಟಕ್ಕೆ ‘ಅಕ್ಷರ ದಾಸೋಹ’ವೆಂದು ಶರಣರ ಶಬ್ದವನ್ನೇ ಆಯ್ದುಕೊಂಡಿತು. ೨೦೦೨ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾದ ಅದು ೨೦೦೩ರಲ್ಲಿ ನಮ್ಮ ಬೆಳಗಾವಿ ಮೊದಲಾದ ಉಳಿದ ಜಿಲ್ಲೆಗಳಿಗೂ ಬಂದಿತು. ೨೦೧೩ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. ಆದರೂ ಬೆಳಗಿನ ಹೊಟ್ಟೆಯ ಹೊಣೆ ಮನೆಯದೇ. ಅದರಲ್ಲಿಯೂ ಶನಿವಾರ ಶಾಲೆ ಬೇಗ ತೆರೆಯುವುದರಿಂದ ಆ ದಿನದ ಸಿಡುಕು ಹೆಚ್ಚು.

ಮಧುಮೇಹಕ್ಕಾಗಿ ಇನ್ಸುಲಿನ್ ಪಡೆಯುವ ಮಕ್ಕಳ ವಿಷಯ ಬೇರೆ. ಅಂಥ ಮಗು ಬೆವತು, ನಡುಗಿ, ತೊದಲಿದರೆ ಅದು ಹಟವಲ್ಲ, ಅಪಾಯ. ಎಚ್ಚರವಿದ್ದರೆ ಒಡನೆಯೇ ಸಕ್ಕರೆಯ ನೀರು ಕುಡಿಸಿ ವೈದ್ಯರಲ್ಲಿಗೆ ಒಯ್ಯಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಧಾವಿಸಬೇಕು.

ಉಳಿದ ಮಕ್ಕಳಿಗೆ ಇಷ್ಟು ಸಾಕು: ಗುರುಗಳು ಹಾಜರಿ ಕರೆಯುವಾಗ ಉಂಡು ಬಂದೆಯಾ ಎಂದು ಮೆಲ್ಲಗೆ ಕೇಳಲಿ, ಕಪಾಟಿನಲ್ಲಿ ಒಂದು ಡಬ್ಬಿ ಪುಟಾಣಿ, ಶೇಂಗಾ ಇಟ್ಟುಕೊಳ್ಳಲಿ.